ಗೇಟಿನ ಬಳಿಯ ಹಸಿ ಪಟ್ಟಿ

"ಬರ್ಲಿ, ಬರ್ಲಿ, ಇನ್ನೂ ಬರ್ಲಿ..."

ದೊಡ್ಡಪ್ಪ ಗೇಟಿನ ಒಳಗೆ ನಿಂತು, ಎರಡೂ ಕೈ ಬೀಸಿ ಹೆಣದ ವ್ಯಾನನ್ನು ಹಿಂದಕ್ಕೆ ಕರೆಯುತ್ತಿದ್ದ. ಹಿಂದಿನ ಚಕ್ರಗಳು ಇನ್ನೇನು ಗೇಟು ದಾಟಬೇಕು ಎನ್ನುವಾಗ ಮನೆಯ ಕಡೆಯಿಂದ ಗಾಲಿಕುರ್ಚಿಯೊಂದು ಇಳಿಜಾರಿನಲ್ಲಿ ಸರ್ರನೆ ಇಳಿದು ಬಂತು. ಅದು ದೊಡ್ಡಪ್ಪನ ಮೊಣಕೈಗೆ ತಾಗಿಯೂ ತಾಗದಂತೆ ಹಾದು, ಒದ್ದೆ ಗೋಣಿತಾಟು ಹಾಸಿದ್ದ ಜಾಗದ ಅಂಚಿನಲ್ಲಿ ಅಡ್ಡ ತಿರುಗಿ ನಿಂತಿತು. ಕುರ್ಚಿಯಲ್ಲಿದ್ದ, ತೀರಿಕೊಂಡವನ ಮಗಳು ಎರಡೂ ಬ್ರೇಕು ಎಳೆದಳು.

"ನಿಲ್ಸಿ ಗಾಡೀನ!"

ಕರೆಂಟ್ ಆಫೀಸಿನ ದೂರು ಕೌಂಟರಿನಲ್ಲಿ ಕೂತು, ಊರಿನವರ ಬೈಗುಳಕ್ಕೆಲ್ಲ ಉತ್ತರ ಕೊಟ್ಟು ಪಳಗಿದ ಗಂಟಲು ಅದು. ವ್ಯಾನು ಗಕ್ಕನೆ ನಿಂತಿತು. ಅಂಗಳದಲ್ಲಿ ಕೂತಿದ್ದವರೆಲ್ಲ ಎದ್ದರು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಮ್ಮಾ, ಜೀವ ಬಾಯಿಗೆ ಬಂತು. ಇವತ್ತು ನನ್ನ ಗಾಡಿಗೆ ಒಬ್ರೇ ಅಂತ ಹೇಳಿದ್ರು."

"ಒಬ್ರೇ. ಅವ್ರು ಆಚೆಗೇ ಬರ್ತಾರೆ. ನೀವು ರೋಡಲ್ಲೇ ನಿಲ್ಸಿ."

"ಏ ಹುಡುಗಿ," ದೊಡ್ಡಪ್ಪ ಬಂದು ಕುರ್ಚಿಯ ಮುಂದೆ ನಿಂತ. ನಲವತ್ತು ದಾಟಿದ ಅವಳು ಅವನ ಬಾಯಲ್ಲಿ ಇನ್ನೂ ಹುಡುಗಿಯೇ. "ನಿಮ್ಮಪ್ಪ ಒಳಗೆ ಮಲಗಿದಾನೆ. ಗಾಡಿ ಬಾಗಿಲಿಗೆ ಬಂದು ಮರ್ಯಾದೆಯಿಂದ ಕರ್ಕೊಂಡು ಹೋಗ್ಲಿ ಅಂತ ನಾನು ಒದ್ದಾಡ್ತಿದೀನಿ. ನೀನು ಇಲ್ಲಿ ಸತ್ಯಾಗ್ರಹ ಕೂತಿದೀಯಲ್ಲ?"

"ಕೆಳಗೆ ನೋಡಿ ದೊಡ್ಡಪ್ಪ."

ದೊಡ್ಡಪ್ಪ ನೋಡಿದ. ಗೇಟಿನ ಒಳಗೆ, ದಾರಿಯ ಅಗಲಕ್ಕೂ ಒಂದು ಪಟ್ಟಿಯಿತ್ತು. ದೊಡ್ಡ ಹೆಜ್ಜೆ ಹಾಕಿದರೆ ದಾಟಬಹುದಾದಷ್ಟು ಅಗಲ, ಅದರ ಮೇಲೆ ನೆನೆಸಿದ ಗೋಣಿ. ಮೊನ್ನೆ ಬೆಳಿಗ್ಗೆ ಅವಳಪ್ಪ ಟೈಲರ್ ಸ್ವಂತ ಕೈಯಿಂದ ಹಾಕಿದ ಕಾಂಕ್ರೀಟು. ನಿನ್ನೆ ಮಧ್ಯಾಹ್ನ ಅದಕ್ಕೆ ನೀರು ಹೊಯ್ದು ಒಳಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕೂತವನು ಮತ್ತೆ ಏಳಲಿಲ್ಲ.

"ಎರಡು ಹಲಗೆ ಹಾಕಿ ಮೇಲೆ ಹತ್ತಿಸಿದ್ರಾಯ್ತು," ದೊಡ್ಡಪ್ಪ ಅಂದ. ಪೆಟ್ರೋಲ್ ಬಂಕ್ ನಡೆಸಿ ಕೂದಲು ಹಣ್ಣಾದವನು. ಗಾಡಿಗಳ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇಲ್ಲ ಎಂದು ನಂಬಿದವನು.

"ಹಲಗೆ ಭಾರ ತಡೆಯುತ್ತೆ. ಹಲಗೆ ಕೆಳಗಿರೋದು ತಡೆಯಲ್ಲ. ಇನ್ನೂ ಎಳೇದು."

"ಮುರಿದ್ರೆ ಮುರೀಲಿ! ಬೇರೆ ಹಾಕಿಸ್ತೀನಿ. ಒಂದು ಹೆಜ್ಜೆ ಸಿಮೆಂಟು ಹೆಚ್ಚೋ, ಹೆತ್ತಪ್ಪ ಹೆಚ್ಚೋ?"

ನಾಲ್ಕು ಜನರ ಎದುರು ಕೇಳಿದ ಪ್ರಶ್ನೆ. ಜನ ಅವಳ ಮುಖ ನೋಡಿದರು. ಅವಳು ಬ್ರೇಕು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿ ನೋಡಿದಳು. ಡ್ರೈವರ್ ದೊಡ್ಡಪ್ಪನನ್ನೂ ಅವಳನ್ನೂ ಒಂದೊಂದು ಸಲ ನೋಡಿ, ಯಾರ ಮಾತು ನಡೆಯುತ್ತದೆ ಎನ್ನುವುದನ್ನು ಲೆಕ್ಕ ಹಾಕಿ, ವ್ಯಾನನ್ನು ಮುಂದಕ್ಕೆ ತೆಗೆದುಕೊಂಡು ಹೋಗಿ ರಸ್ತೆಯ ಪಕ್ಕ ನಿಲ್ಲಿಸಿದ.

* * *

ಮೊದಲು ಆ ಮನೆಗೆ ಮೆಟ್ಟಿಲುಗಳಿದ್ದವು. ಮೆಟ್ಟಿಲ ಕೆಳಗಿಂದ ಗೇಟಿನವರೆಗೆ ಬರೀ ಮಣ್ಣು, ಮಳೆ ಹನಿದರೆ ಕೆಸರು. ಎಳವೆಯಲ್ಲಿ ಬಂದ ಜ್ವರವೊಂದು ಮಗಳ ಕಾಲಿನ ಬಲವನ್ನು ಎತ್ತಿಕೊಂಡು ಹೋದ ಮೇಲೆ, ಅವಳು ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಅವಳನ್ನು ಎತ್ತಬೇಕಿತ್ತು. ಶಾಲೆಗೆ ಎತ್ತು, ಆಸ್ಪತ್ರೆಗೆ ಎತ್ತು, ಪಕ್ಕದ ಮನೆಯ ಟೀವಿ ನೋಡಲು ಎತ್ತು. ಎತ್ತುವವರು ಕೇಳುತ್ತಿರಲಿಲ್ಲ. ಕಂಕುಳಿಗೆ ಕೈ ಬರುತ್ತಿತ್ತು, ನೆಲ ದೂರವಾಗುತ್ತಿತ್ತು, ಅಷ್ಟೆ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ಹೊಸ ಕಾರು ಕೊಂಡ. ಕೊಂಡ ಮೇಲೆ ತಮ್ಮನ ಮನೆಗೆ ತೋರಿಸದಿದ್ದರೆ ತಿಂದದ್ದು ಜೀರ್ಣವಾಗಬೇಕಲ್ಲ! ಬಂದವನೇ "ಬಾ, ನಿನಗೆ ಕಾರು ತೋರಿಸ್ತೀನಿ" ಎಂದು ಅವಳನ್ನು ಎತ್ತಿ ಮೂಟೆಯಂತೆ ಹೆಗಲಿಗೆ ಹಾಕಿಕೊಂಡ. ಲಂಗ ಮೇಲೆ ಸರಿಯಿತು. ಬೀದಿಯ ಮಕ್ಕಳೆಲ್ಲ ಕಾರು ನೋಡಲು ಸೇರಿದ್ದರು. ಅವರಿಗೆ ಕಾರಿಗಿಂತ ಇದೇ ತಮಾಷೆಯಾಯಿತು. "ಇಳಿಸಿ" ಎಂದಳು. "ಇಳಿಸಿ ದೊಡ್ಡಪ್ಪ" ಎಂದಳು. ಅವನು ನಕ್ಕು ಗಿರಗಿರ ತಿರುಗಿಸಿದ. ಅವನಿಗೆ ಪ್ರೀತಿಯಿತ್ತು, ಸುಳ್ಳಲ್ಲ. ಕಿವಿ ಮಾತ್ರ ಇರಲಿಲ್ಲ. ಆಮೇಲೆ ಇದ್ದ ಕಿವಿಯೂ ಒಂದಿಷ್ಟು ಕಡಿಮೆಯಾಯಿತು, ಯಾಕೆಂದರೆ ಮೂರನೆಯ ಸಲ ಅವಳು ಮಾತಾಡಲಿಲ್ಲ, ಎಡಗಿವಿಯ ತುದಿಯನ್ನು ಹಲ್ಲಲ್ಲಿ ಹಿಡಿದು ಕಚ್ಚಿದಳು.

ದೊಡ್ಡಪ್ಪ ಕೂಗಿ ಅವಳನ್ನು ಕೆಸರಿಗೇ ಇಳಿಸಿಬಿಟ್ಟ. ಬಂದವರೆಲ್ಲ ಅವನ ಕಿವಿಗೆ ಹತ್ತಿ ಹುಡುಕಲು ಓಡಿದರು. ಟೈಲರ್ ಹೊಲಿಯುವುದನ್ನು ಬಿಟ್ಟು ಬಂದು ಮಗಳ ಪಕ್ಕ ಕೆಸರಲ್ಲೇ ಕೂತ.

"ಯಾಕೆ ಕಚ್ಚಿದೆ?"

"ಇಳಿಸು ಅಂದ್ರೆ ಇಳಿಸಲಿಲ್ಲ."

"ಎಷ್ಟು ಸಲ ಅಂದೆ?"

"ಎರಡು ಸಲ."

ಟೈಲರ್ ಸ್ವಲ್ಪ ಯೋಚಿಸಿ, "ಸಾಕು, ಎರಡು ಸಲ ಸಾಕು" ಎಂದ.

ಮರುದಿನ ಅವನು ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಬಾಗಿಲಿನಿಂದ ಗೇಟಿನವರೆಗೆ ನೆಲ ಅಳೆದ. ಶಾಲೆಯ ಯೂನಿಫಾರ್ಮು ಹೊಲಿದು ಬದುಕುವವನು, ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಮಾರಿದ. ಗಾರೆ ಮೇಸ್ತ್ರಿಯ ಬಳಿ ಹೋಗಿ ಮೆಟ್ಟಿಲು ಒಡೆದು ಇಳಿಜಾರು ಮಾಡಬೇಕು, ಗೇಟಿನವರೆಗೆ ಕಾಂಕ್ರೀಟು ಹಾಕಬೇಕು ಎಂದ.

"ಕಾರು ತಗೊಂಡ್ಯಾ ಟೈಲರ್?" ಮೇಸ್ತ್ರಿ ಕೇಳಿದ.

"ಮಗಳು ತಗೊಂಡಿದ್ದಾಳೆ. ಕೈಯಲ್ಲಿ ಓಡಿಸೋದು."

"ಹಾಗಾದ್ರೆ ಇಷ್ಟಗಲ ಯಾಕೆ? ಇದರ ಅರ್ಧ ಸಾಕು."

"ಬೆಳೆಯೋ ಮಗು ಕಣಯ್ಯ. ಒಳಗೆ ಬಟ್ಟೆ ಬಿಡಬೇಕು."

ಹೀಗೆ ಸೈಕಲ್ಲೂ ಇಲ್ಲದವನ ಮನೆಗೆ ಕಾರು ಹೋಗುವಷ್ಟು ಅಗಲದ ದಾರಿಯಾಯಿತು. ಕಿವಿಗೆ ಪಟ್ಟಿ ಕಟ್ಟಿಕೊಂಡಿದ್ದ ದೊಡ್ಡಪ್ಪ ಬಂದು ನೋಡಿ, "ಕಾರಿಲ್ಲದೋನಿಗೆ ಕಾರ್ ದಾರಿ" ಎಂದು ಹೊಟ್ಟೆ ಹಿಡಿದು ನಕ್ಕ. ಬೀದಿಯಲ್ಲಿ ಅದೇ ಹೆಸರು ಬಿತ್ತು.

* * *

ಒಳಗೆ ಮುಂದಿನ ಕೋಣೆಯಲ್ಲಿ ಟೈಲರ್ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದ. ಬಟ್ಟೆಯ ಅಂಚು ಮಡಿಚದೆ ಹಾಗೇ ಬಿಟ್ಟದ್ದನ್ನು ನೋಡಿ, ಗೇಟಿನಿಂದ ಒಳಗೆ ಬಂದಿದ್ದ ಮಗಳಿಗೆ ಕಸಿವಿಸಿಯಾಯಿತು. ಅವನು ಎದ್ದಿದ್ದರೆ ಮೊದಲು ಅದಕ್ಕೊಂದು ಹೊಲಿಗೆ ಓಡಿಸಿ ಆಮೇಲೆ ಮಲಗುತ್ತಿದ್ದ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಯಾವುದೋ ಮಗುವಿನ ಅಂಗಿಯ ಕೈ ಅರ್ಧ ಹೊಲಿದು ನಿಂತಿತ್ತು. ನಿನ್ನೆ ಅವನ ಬೆರಳುಗಳಿಂದ ಬಿಡಿಸಿಕೊಂಡ ದೊಡ್ಡ ಕತ್ತರಿ ಆಗಿನಿಂದ ಅವಳ ತೊಡೆಯ ಮೇಲೆಯೇ ಇತ್ತು.

"ಎಷ್ಟೊತ್ತಿಗೆ ಎತ್ತೋದು?" ಬಂದವರೊಬ್ಬರು ಪಿಸುಗುಟ್ಟಿದರು.

"ಎತ್ತೋಕೆ ದಾರಿ ಎಲ್ಲಿದೆ? ಮಗಳು ಗಾಡಿ ನಿಲ್ಸಿದಾಳಲ್ಲ."

"ದುಃಖದಲ್ಲಿ ತಲೆ ಓಡಲ್ಲ, ಪಾಪ."

"ತಲೆ ಚೆನ್ನಾಗೇ ಓಡ್ತಿದೆ," ಎಂದಳು ಪಕ್ಕದ ಮನೆಯ ಟೀಚರ್, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಚಪ್ಪಲಿ ಆ ಗೋಣಿ ಮೇಲೆ ಇಟ್ಟಿದ್ರಲ್ಲ, ನಾನೇ ತೆಗೆದಿಟ್ಟೆ. ಅವಳು ನೋಡಿದ್ರೆ ನಿಮ್ಮನ್ನೂ ಆ ವ್ಯಾನಲ್ಲೇ ಕಳಿಸ್ತಿದ್ಲು."

ದೊಡ್ಡಪ್ಪ ಕುರ್ಚಿಯ ಹಿಂದೆ ಬಂದು, ಅಭ್ಯಾಸಬಲದಿಂದ ಅದನ್ನು ಬದಿಗೆ ತಳ್ಳಲು ಕೈ ಹಾಕಿದ. ಕೈಗೆ ಏನೂ ಸಿಗಲಿಲ್ಲ. ಕುರ್ಚಿಗೆ ಹಿಡಿಗಳೇ ಇರಲಿಲ್ಲ. ಮಗಳಿಗೆ ಕೆಲಸ ಸಿಕ್ಕಿದ ವರ್ಷ ಟೈಲರ್ ಹಿಡಿಗಳನ್ನು ಗರಗಸದಿಂದ ಕತ್ತರಿಸಿ, ಉಳಿದ ಮೋಟಿಗೆ ನೀಲಿ ಬಟ್ಟೆಯ ಟೋಪಿ ಹೊಲಿದು ತೊಡಿಸಿದ್ದ. ಕೇಳದೆ ತಳ್ಳುವವರ ಕಾಟಕ್ಕೆ ಅಪ್ಪ ಮಗಳು ಕೂತು ಕಂಡುಕೊಂಡ ಮದ್ದು ಅದು. ದೊಡ್ಡಪ್ಪ ಬರಿಗೈಯನ್ನು ಜೇಬಿಗೆ ಹಾಕಿಕೊಂಡು ಅವಳ ಮುಂದೆ ಬಂದು ಕೂತ.

"ನೋಡು ಮಗಳೇ, ನಾನು ಕೆಟ್ಟವನಲ್ಲ. ಇವತ್ತಿನ ಕೆಲಸ ಮುಗೀಲಿ, ನಾಳೆ ನನ್ನ ಜೊತೆ ಬಂದ್ಬಿಡು. ಕೆಳಗಿನ ರೂಮು ಖಾಲಿ ಇದೆ. ಊಟ ತಿಂಡಿ ಎಲ್ಲ ಕೂತಲ್ಲಿಗೇ ಬರುತ್ತೆ. ಬೇಕಾದಾಗ ಎತ್ಕೊಂಡು ಹೋಗೋಕೆ ಆಳಿದಾರೆ."

"ನಿಮ್ಮ ಮನೆ ಮುಂದೆ ಎಷ್ಟು ಮೆಟ್ಟಿಲು?"

"ಮೆಟ್ಟಿಲು ಇರುತ್ತಪ್ಪ, ಮನೆ ಅಂದ್ಮೇಲೆ."

"ನಾನು ಆಫೀಸಿಗೆ ಹೋಗಬೇಕು ದೊಡ್ಡಪ್ಪ. ಇಲ್ಲೇ ಇರ್ತೀನಿ."

"ಆಯ್ತು, ನಾಳೆ ಮಾತು ನಾಳೆಗೆ. ಇವತ್ತಂತೂ ನೀನು ಅಲ್ಲಿಗೆಲ್ಲ ಬರೋದು ಬೇಡ. ಇಲ್ಲೇ ಕೈ ಮುಗಿದು ಕಳಿಸ್ಕೊಡು. ನೀನೇ ಹೇಳಿದೀಯಲ್ಲ, ಆ ಪಟ್ಟಿ ಮೇಲೆ ಯಾರೂ ಹೋಗಬಾರದು ಅಂತ. ನಾವೆಲ್ಲ ದಾಟಿಬಿಡ್ತೀವಿ. ನಿನ್ನ ಕುರ್ಚಿ ಹೇಗೆ ದಾಟುತ್ತೆ?"

ಅವಳು ತಣ್ಣಗಾದಳು. ಬೆಳಗಿನಿಂದ ಪಟ್ಟಿಯನ್ನು ಎಲ್ಲರಿಂದ ಕಾಪಾಡುವುದರಲ್ಲಿ ಅವಳಿಗೆ ಇದು ಹೊಳೆದೇ ಇರಲಿಲ್ಲ. ಸೇರಿದವರಲ್ಲಿ ಅದನ್ನು ಮುಟ್ಟದೆ ದಾಟಲಾಗದವಳು ತಾನೊಬ್ಬಳೇ.

"ದಾಟ್ತೀನಿ," ಎಂದಳು, ಹೇಗೆಂದು ತಿಳಿಯದೆ.

ಆಗ ದೊಡ್ಡಪ್ಪ ಬಾಯಿಗೆ ಬರಬಾರದ ಮಾತು ಆಡಿದ. ಬೇಕೆಂದು ಆಡಿದನೋ, ತಮ್ಮನನ್ನು ಕಳೆದುಕೊಂಡ ಸಂಕಟದಲ್ಲಿ ಆಡಿದನೋ, ಅವನಿಗೇ ಗೊತ್ತಿರಲಿಕ್ಕಿಲ್ಲ.

"ಆ ವಯಸ್ಸಲ್ಲಿ ಸುತ್ತಿಗೆ ಹಿಡಿದು ಕಾಂಕ್ರೀಟು ಒಡೆದ. ಜಲ್ಲಿ ಹೊತ್ತ. ಯಾರಿಗೋಸ್ಕರ? ಆ ಪಟ್ಟೀನೇ ಅವನನ್ನ ತಿಂದದ್ದು. ನಿನ್ನ ಕುರ್ಚಿಗೋಸ್ಕರ ಸತ್ತ ಕಣೇ ನನ್ನ ತಮ್ಮ."

ಟೀಚರ್ ದೊಡ್ಡಪ್ಪನನ್ನು ದುರುಗುಟ್ಟಿ ನೋಡಿದಳು.

ಮಗಳ ಕೈ ಕತ್ತರಿಯ ಮೇಲೆ ಬಿಗಿಯಾಯಿತು. ಈ ಮಾತನ್ನು ಯಾರಾದರೂ ಆಡುತ್ತಾರೆ ಎಂದು ಅವಳಿಗೆ ನಿನ್ನೆಯೇ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಅವಳೇ ತನಗೆ ಅದನ್ನು ಹೇಳಿಕೊಂಡಿದ್ದಳು. ಆದರೂ ಇನ್ನೊಬ್ಬರ ಬಾಯಿಂದ ಕೇಳಿದಾಗ ಕಣ್ಣು ತುಂಬಿತು.

"ಹೌದು," ಎಂದಳು. "ನನಗೋಸ್ಕರಾನೇ. ಅದಕ್ಕೇ ಅದನ್ನ ಮುರಿಯೋಕೆ ಬಿಡಲ್ಲ."

* * *

ಆ ದಾರಿಯ ಮೊದಲ ಬೇಸಗೆಯಲ್ಲಿ ಗೇಟು ತೆರೆಯದೆ ಹೋಯಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಬಿಸಿಲಿಗೆ ಹಿಗ್ಗಿದ ಕಾಂಕ್ರೀಟು ನಡುವೆ ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಉಬ್ಬಿ, ಗೇಟಿನ ಕಂಬವನ್ನೇ ಓರೆ ಮಾಡಿತ್ತು. ಮೇಸ್ತ್ರಿ ಬಂದು ನೋಡಿದವನು ನಗು ತಡೆಯಲಾರದೆ ಅಲ್ಲೇ ಕುಕ್ಕರುಬಡಿದ.

"ಮಕ್ಕಳ ಚಡ್ಡಿಗೆಲ್ಲ ಒಳಗೆ ಬಟ್ಟೆ ಬಿಡ್ತೀಯ, ಇದಕ್ಕೆ ಬಿಡಬೇಕು ಅಂತ ಹೊಳೀಲಿಲ್ವ? ಸಂದು ಬಿಡೋಣ ಅಂತ ನಾನು ಬಡ್ಕೊಂಡೆ. ನೀನು ಫಿಟ್ಟಿಂಗ್, ಫಿಟ್ಟಿಂಗ್ ಅಂತ ಕುಣಿದೆ. ಗೋಡೆಗೂ ಕಂಬಕ್ಕೂ ಅಳತೆ ಸರಿಯಾಗಿ ಕೂರಿಸಿದ್ಯಲ್ಲ, ಈಗ ಹಾಕ್ಕೊ!"

ಟೈಲರ್‌ಗೆ ಅಂದು ಆದ ನಾಚಿಕೆ ಅಷ್ಟಿಷ್ಟಲ್ಲ. ಅಗಲಕ್ಕೆ ಬೆಳೆಯುವ ಮಗುವೆಂದು ಧಾರಾಳವಾಗಿ ಬಿಟ್ಟವನು, ಉದ್ದಕ್ಕೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ದಾರಿಯನ್ನು ಅಡ್ಡಡ್ಡ ಕೊಯ್ದು, ಸಂದಿಗೆ ಡಾಂಬರು ತುಂಬಿದರು. ಆ ಸಂದುಗಳಿಗೆ ಅವನು ಹೊಲಿಗೆ ಎಂದೇ ಹೆಸರಿಟ್ಟ. ಅಲ್ಲಿಂದ ಆ ದಾರಿ ಅವನ ಪಾಲಿಗೆ ಯಾವಾಗಲೂ ಟ್ರಯಲ್‌ಗೆ ಬಂದ ಗಿರಾಕಿ. ಮಳೆಗೆ ಮುಂಚೆ ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ ಪಾಚಿ ತೆಗೆಯುತ್ತಿದ್ದ, ಗಾಲಿ ಜಾರಬಾರದು. ಹೊಲಿಗೆಯಲ್ಲಿ ಹುಟ್ಟಿದ ಹುಲ್ಲನ್ನು ಹಳೆಯ ಸೂಜಿಯಿಂದ ಬೇರು ಸಹಿತ ಕೀಳುತ್ತಿದ್ದ. ಕೂದಲೆಳೆ ಬಿರುಕು ಕಂಡರೂ ಸಿಮೆಂಟಿನ ತಿಳಿ ಕುಡಿಸಿ ತೇಪೆ ಹಾಕುತ್ತಿದ್ದ. ಬೆಳಿಗ್ಗೆ ಹೊಲಿಯಲು ಕೂರುವ ಮುಂಚೆ ಬಗ್ಗಿ ಕತ್ತರಿಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಡುತ್ತಿದ್ದ. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಕೆಳಗೆ ಟೊಳ್ಳು. ದಾರಿಯ ನಾಡಿ ಹಿಡಿಯುವ ಟೈಲರ್ ಎಂದು ಬೀದಿಯವರು ನಕ್ಕರು. ನಗಲಿ ಎಂದು ಬಿಟ್ಟ.

"ಎಷ್ಟು ನೋಡ್ಕೊಂಡ್ರೂ ಬಿರುಕು ಬಿಡುತ್ತಲ್ಲಪ್ಪ," ಎಂದು ಮಗಳು ಒಮ್ಮೆ ಕೇಳಿದ್ದಳು, ಕೆಲಸದ ಅರ್ಜಿಗಳೆಲ್ಲ ವಾಪಸು ಬರುತ್ತಿದ್ದ ಕಾಲದಲ್ಲಿ. ಬಿರುಕಿನ ಬಗ್ಗೆ ಮಾತ್ರ ಕೇಳಿದ್ದಲ್ಲ ಅದು.

"ಬಿಡೋದು ಬಿಡುತ್ತೆ ಮಗಾ. ಎಲ್ಲಿ ಬಿಡಬೇಕು ಅಂತ ನಾವು ಹೇಳಬೇಕು. ಅದಕ್ಕೇ ತಾನೆ ಹೊಲಿಗೆ ಕೊಯ್ದು ಇಟ್ಟಿರೋದು?"

ಕಳೆದ ಮಳೆಗಾಲದಲ್ಲಿ ರಸ್ತೆಯ ಚರಂಡಿ ಉಕ್ಕಿ ಗೇಟಿನ ಬಳಿ ಮಣ್ಣು ಕೊರೆದಿತ್ತು. ಕೊನೆಯ ಪಟ್ಟಿ ಒಂದು ಬೆರಳು ಕುಸಿಯಿತು. ನಡೆಯುವವರಿಗೆ ಅದು ಗೊತ್ತೂ ಆಗದು. ಕುರ್ಚಿಯ ಮುಂದಿನ ಪುಟ್ಟ ಗಾಲಿ ಅದಕ್ಕೆ ಸಿಕ್ಕಿ, ಆಫೀಸಿನಿಂದ ಬರುತ್ತಿದ್ದ ಮಗಳು ಒಂದು ಸಂಜೆ ಮುಗ್ಗರಿಸಿ ರಸ್ತೆಗೆ ಬಿದ್ದಳು. ಯಾರೋ ದಾರಿಹೋಕರು ಕೇಳದೆ ಅವಳನ್ನು ಎತ್ತಿ ಕೂರಿಸಿದರು. ಮೊಣಕೈ ತರಚಿದ್ದಕ್ಕಿಂತ ಅದು ಅವಳಿಗೆ ಹೆಚ್ಚು ಉರಿಯಿತು ಎನ್ನುವುದನ್ನು ಟೈಲರ್ ಮುಖ ನೋಡಿಯೇ ತಿಳಿದ.

ಬಿಸಿಲು ಬರುವುದನ್ನು ಕಾದು, ಅವನು ಸುತ್ತಿಗೆ ಹಿಡಿದ. ಮೇಸ್ತ್ರಿಗೆ ಮಂಡಿ ನೋವು, ಬೇರೆಯವರ ಕೈ ಇವನಿಗೆ ಆಗದು. ಬೇಡವೆಂದು ಮಗಳು ಜಗಳವಾಡಿದಳು. "ನಿನ್ನ ಅಂಗಿ ಬೇರೆ ಟೈಲರ್ ಹತ್ರ ಹೊಲಿಸ್ತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದ. ದಿನಕ್ಕಿಷ್ಟು ಒಡೆದು, ಕೆಳಗೆ ಕಲ್ಲು ತುಂಬಿ ಗಟ್ಟಿಯಾಗಿ ಕುಟ್ಟಿ ದಮ್ಮಸು ಹಾಕಿ, ಮೊನ್ನೆ ಕಾಂಕ್ರೀಟು ಸುರಿದು ಕರಣೆಯಿಂದ ನಯ ಮಾಡಿ, ಹೊಲಿಗೆ ಬಿಟ್ಟು, ಗೋಣಿ ಹೊದಿಸಿದ. ಮಗಳು ರಜೆ ಹಾಕಿ ಒಳಗೆ ಉಳಿದಳು.

"ಯಾವಾಗಪ್ಪ ನಾನು ಹೋಗೋದು?"

"ನಾನು ತಟ್ಟಿ ಹೇಳ್ತೀನಿ. ಅಲ್ಲೀವರೆಗೂ ನೀನೂ ಇಲ್ಲ, ನಿನ್ನ ಆಫೀಸರೂ ಇಲ್ಲ."

ಬಟ್ಟೆ ಹೊಲಿದು ಮುಗಿಸಿ ಗಿರಾಕಿಯ ಮುಂದೆ ಕೊಡವುವಾಗ ಅವನು ಆಡುತ್ತಿದ್ದ ಮಾತು ಒಂದೇ. "ಆಗಿದೆ, ಹಾಕ್ಕೊಂಡು ನೋಡು." ದಾರಿಗೆ ತೇಪೆ ಹಾಕಿದಾಗಲೂ ತಟ್ಟಿ ಅದನ್ನೇ ಹೇಳುತ್ತಿದ್ದ. ಈ ಸಲ ಅದನ್ನು ಹೇಳದೆ ಹೋದ.

* * *

ಮೇಸ್ತ್ರಿ ಬರುವ ಹೊತ್ತಿಗೆ ಎತ್ತುವ ಸಿದ್ಧತೆಯಾಗಿತ್ತು. ಊರುಗೋಲು ಹಿಡಿದು ಬಂದವನು ಗೇಟಿನ ಆಚೆಯೇ ನಿಂತು, ಗೋಣಿಯ ಒಂದು ಮೂಲೆ ಎತ್ತಿ ನೋಡಿದ. ಅವನ ಕಣ್ಣು ಕೆಂಪಾಗಿತ್ತು.

"ಅಂಚು ನೋಡು, ಎಷ್ಟು ಸಪೂರ ಮಡಿಚಿದಾನೆ! ಮೇಸ್ತ್ರಿ ಆಗಬೇಕಾದೋನು, ಬಟ್ಟೆಗೆ ಬಿದ್ದು ಹಾಳಾದ." ಗೋಣಿಯನ್ನು ಮೊದಲಿದ್ದ ಹಾಗೇ ಹೊದಿಸಿದ. ಒಳಗಿದ್ದವರ ಕಡೆ ಕೂಗಿದ. "ಇಲ್ಲಿ ಕಾಲಿಡಬೇಡ್ರಪ್ಪ. ಈಚೆಗೆ ನಾಲ್ಕು ಜನ ಬನ್ನಿ. ಕೈಯಿಂದ ಕೈಗೆ ಕೊಡಿ."

ಹಾಗೇ ಆಯಿತು. ಒಳಗಿನವರು ಸ್ಟ್ರೆಚರನ್ನು ಹಿಡಿದು ಇಳಿಜಾರು ಇಳಿದು ಪಟ್ಟಿಯ ಅಂಚಿಗೆ ಬಂದು ನಿಂತರು. ಆಚೆಯವರು ಕೈ ಚಾಚಿದರು. ಟೈಲರ್ ತಾನು ನಯ ಮಾಡಿದ ಪಟ್ಟಿಯ ಮೇಲೆ, ಅದನ್ನು ಮುಟ್ಟದೆ, ಗಾಳಿಯಲ್ಲಿ ಈ ಕೈಗಳಿಂದ ಆ ಕೈಗಳಿಗೆ ದಾಟಿದ. ಒಂದು ಕ್ಷಣ ಸ್ಟ್ರೆಚರು ಓಲಾಡಿತು. "ಹುಷಾರು, ಹುಷಾರು" ಎಂದು ನಾಲ್ಕಾರು ಗಂಟಲು ಒಟ್ಟಿಗೆ ಎದ್ದವು. ಹೆಣಕ್ಕೆ ಹುಷಾರೆಂದರೋ ಪಟ್ಟಿಗೆ ಹುಷಾರೆಂದರೋ ಹೇಳುವುದು ಕಷ್ಟ. ವ್ಯಾನಿನ ಬಾಗಿಲು ಮುಚ್ಚಿತು.

ಉಳಿದವರು ಒಬ್ಬೊಬ್ಬರಾಗಿ ದೊಡ್ಡ ಹೆಜ್ಜೆ ಹಾಕಿ ದಾಟಿದರು. ಟೀಚರ್ ಸೀರೆ ಎತ್ತಿಕೊಂಡು ಹಾರಿದಳು. ಕೊನೆಗೆ ಒಳಗೆ ಉಳಿದವರು ಇಬ್ಬರೇ, ದೊಡ್ಡಪ್ಪ ಮತ್ತು ಮಗಳು.

"ಬಾ ಮಗಳೇ," ದೊಡ್ಡಪ್ಪನ ದನಿ ಮೆತ್ತಗಾಗಿತ್ತು. ಒಳಗೆ ಆಡಿದ ಮಾತು ಅವನನ್ನೂ ಕಚ್ಚುತ್ತಿತ್ತು. "ನೀನು ಬರಲೇಬೇಕು ಅಂದ್ರೆ ಬಾ. ಆ ಕಡೆಯಿಂದ ಇಬ್ಬರು ಬರ್ಲಿ, ಕುರ್ಚಿ ಸಮೇತ ಎತ್ತಿ ಆಚೆಗಿಡ್ತಾರೆ. ಒಂದು ನಿಮಿಷದ ಕೆಲಸ."

ಆಚೆಯಿಂದ ಇಬ್ಬರು ತೋಳು ಮಡಿಸಿಕೊಂಡು ಮುಂದೆ ಬಂದೇ ಬಿಟ್ಟರು.

"ಬೇಡ."

"ಅಯ್ಯೋ, ಇದರಲ್ಲೇನು ನಾಚಿಕೆ..."

"ದೊಡ್ಡಪ್ಪ, ಬೇಡ ಅಂದೆ. ಇದು ಎರಡನೇ ಸಲ."

ದೊಡ್ಡಪ್ಪನ ಕೈ ತನಗೇ ತಿಳಿಯದೆ ಎಡಗಿವಿಯ ತುದಿಗೆ ಹೋಯಿತು. ಆ ಇಬ್ಬರೂ ಯಾಕೆಂದು ಅರ್ಥವಾಗದೆ ಹಿಂದೆ ಸರಿದರು.

"ಎತ್ತೋದು ಹೆಣಾನ," ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ಅದನ್ನ ಎತ್ತಿ ಆಯ್ತಲ್ಲ. ನಾನಿನ್ನೂ ಇದೀನಿ."

ವ್ಯಾನಿನ ಇಂಜಿನ್ನು ಗುಡುಗುಡು ಎನ್ನುತ್ತಿತ್ತು. ಮೇಸ್ತ್ರಿ ಊರುಗೋಲಿನ ಮೇಲೆ ಬಾಗಿ ಅವಳನ್ನು ನೋಡಿದ.

"ತಟ್ಟಿ ನೋಡಿದ್ಯಾ?"

"ಅಪ್ಪ ತಟ್ಟಿ ಹೇಳ್ತೀನಿ ಅಂದಿದ್ದ."

"ಅವನು ಇನ್ನು ತಟ್ಟಲ್ಲ ಕಣಮ್ಮ."

"ನೀವು ತಟ್ಟಿ ಮೇಸ್ತ್ರಿ."

"ನಾನ್ಯಾಕೆ ತಟ್ಟಲಿ? ಗಾಡಿ ಹತ್ತಬಾರದು ಅನ್ನೋದು ನನಗೂ ಗೊತ್ತು, ನಿನಗೂ ಗೊತ್ತು. ಮಿಕ್ಕಿದ್ದು ನಿನ್ನ ದಾರಿ. ಕತ್ತರಿ ನಿನ್ನ ಕೈಲಿದೆ. ಅಷ್ಟು ವರ್ಷ ಕೇಳಿದೀಯ, ಕಿವಿ ಇಲ್ವ ನಿನಗೆ?"

ಅವಳು ಬ್ರೇಕು ಬಿಟ್ಟಳು. ಕುರ್ಚಿಯನ್ನು ಪಟ್ಟಿಗೆ ಪಕ್ಕ ಮಾಡಿ ನಿಲ್ಲಿಸಿ, ಬಗ್ಗಿ, ನೀರು ಕುಡಿದು ಭಾ‍ರವಾಗಿದ್ದ ಗೋಣಿಗಳನ್ನು ಒಂದೊಂದಾಗಿ ಎಳೆದಳು. ಕೆಳಗೆ ಕಾಂಕ್ರೀಟು ಕಪ್ಪಗೆ, ತಣ್ಣಗೆ, ಇಸ್ತ್ರಿ ಹಾಕಿದ ಹಾಗೆ ಮಲಗಿತ್ತು. ಕತ್ತರಿಯನ್ನು ತಿರುಗಿಸಿ ಹಿಡಿದಳು. ಅಪ್ಪನ ಹೆಬ್ಬೆರಳು ಸವೆಸಿದ ಜಾಗಕ್ಕೆ ಅವಳ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಡಬ್ ಎಂದರೆ ತಾನು ಇಲ್ಲೇ ಉಳಿಯುತ್ತೇನೆ, ಅಪ್ಪ ಒಬ್ಬನೇ ಹೋಗುತ್ತಾನೆ, ಎತ್ತಿಸಿಕೊಂಡಂತೂ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಕಡ್ಡಿ ಮುರಿದಳು. ಈಚೆ ಅಂಚಿನಲ್ಲಿ ತಟ್ಟಿದಳು. ನಡುವೆ ತಟ್ಟಿದಳು. ಕೈ ಚಾಚಿ, ಕುರ್ಚಿಯಿಂದ ಅರ್ಧ ಹೊರಗೆ ವಾಲಿ, ಆಚೆ ಹೊಲಿಗೆಯ ಹತ್ತಿರ ತಟ್ಟಿದಳು.

ಠಣ್.

ಮೇಸ್ತ್ರಿ ದಾರಿ ಬಿಟ್ಟು ಬದಿಗೆ ಸರಿದ.

ಅವಳು ನೆಟ್ಟಗೆ ಕೂತಳು. ಕತ್ತರಿಯನ್ನು ತೊಡೆಯ ಮೇಲಿಟ್ಟಳು. "ಆಗಿದೆ," ಎಂದಳು. ದನಿ ಒಡೆಯಿತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಆಗಿದೆ. ಹಾಕ್ಕೊಂಡು ನೋಡ್ತೀನಿ."

ಗಾಲಿಗಳ ಬಳೆಗಳನ್ನು ಹಿಡಿದು ಒಂದೇ ಸಲ ತಳ್ಳಿದಳು. ಮುಂದಿನ ಪುಟ್ಟ ಗಾಲಿಗಳು ಮೊದಲ ಹೊಲಿಗೆಯ ಮೇಲೆ ಹಾದವು, ಸಿಕ್ಕಲಿಲ್ಲ. ಒದ್ದೆ ಪಟ್ಟಿಯ ಮೇಲೆ ದೊಡ್ಡ ಗಾಲಿಗಳು ಸದ್ದಿಲ್ಲದೆ ಉರುಳಿದವು. ಎರಡನೇ ಹೊಲಿಗೆಯೂ ಸಿಕ್ಕಲಿಲ್ಲ. ರಸ್ತೆಗೆ ಬಂದಾಗ ಅವಳು ಹಿಂದೆ ತಿರುಗಿ ನೋಡಲಿಲ್ಲ. ಅದರ ಬದಲು ಮೇಸ್ತ್ರಿಯ ಮುಖ ನೋಡಿದಳು. ಅವನು ಪಟ್ಟಿಯನ್ನು ಉದ್ದಕ್ಕೂ ದಿಟ್ಟಿಸಿ, ಒಂದು ಗೀರೂ ಇಲ್ಲ ಎಂದು ತಲೆಯಾಡಿಸಿದ.

"ಟೀಚರ್, ಆ ಗೋಣಿ ಹೊದಿಸಿ ಒಂದು ಬಿಂದಿಗೆ ನೀರು ಹಾಕ್ತೀರಾ? ಇನ್ನೂ ಕುಡೀಬೇಕು ಅದು."

"ಹಾಕ್ತೀನಿ, ನೀನು ನಡಿ."

ಡ್ರೈವರ್ ಕಿಟಕಿಯಿಂದ ಕೇಳಿದ, "ಹೊರಡ್ಲಾಮ್ಮ? ನಿಧಾನಕ್ಕೆ ಹೋಗ್ಲಾ?"

"ನಾನು ಬೆಳಿಗ್ಗೆ ಹೊತ್ತು ಇದೇ ರಸ್ತೆಯಲ್ಲಿ ಆಟೋದವರನ್ನ ಹಿಂದೆ ಹಾಕೋಳು. ನೀವು ನಿಮ್ಮ ಪಾಡಿಗೆ ಹೋಗಿ."

ಆದರೂ ಅವನು ನಿಧಾನವಾಗಿಯೇ ಹೋದ. ಸ್ಮಶಾನ ಆ ರಸ್ತೆಯ ತುದಿಯಲ್ಲಿ, ನೀರಿನ ಟ್ಯಾಂಕು ದಾಟಿದ ಮೇಲೆ. ಬಿಸಿಲು ಏರಿತ್ತು. ಅವಳು ವ್ಯಾನಿನ ಹಿಂದೆಯೇ ಗಾಲಿ ತಳ್ಳುತ್ತ ಹೊರಟಳು. ವ್ಯಾನಿನ ಹಿಂಬಾಗಿಲಿನ ಗಾಜಿನಲ್ಲಿ, ಒಳಗಿನ ಬಿಳಿ ಬಟ್ಟೆಯ ಮೇಲೆ, ಹಿಂದಿನ ರಸ್ತೆಯೆಲ್ಲ ಬಿದ್ದು ಕಾಣುತ್ತಿತ್ತು. ಗೇಟು ಕಾಣುತ್ತಿತ್ತು. ಗೇಟಿನಿಂದ ತನ್ನ ಕುರ್ಚಿಯವರೆಗೆ ಒಣಗಿದ ರಸ್ತೆಯ ಮೇಲೆ ಗಾಲಿಗಳು ಎಳೆದ ಎರಡು ಒದ್ದೆ ಗೆರೆಗಳು ಕಾಣುತ್ತಿದ್ದವು, ಸೀಮೆಸುಣ್ಣದಿಂದ ಗುರುತು ಮಾಡಿದಷ್ಟು ನೇರವಾಗಿ.

ಪಟ್ಟಿಯ ಆಚೆ, ಮನೆಯ ಕಡೆ, ದೊಡ್ಡಪ್ಪ ಒಬ್ಬನೇ ನಿಂತಿದ್ದ. ಒಮ್ಮೆ ಕಾಲು ಮುಂದಿಟ್ಟ, ಹಿಂದೆಗೆದ. ಆಮೇಲೆ ಬಗ್ಗಿ ಎರಡೂ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡ. ತಮ್ಮನ ಕಾಂಕ್ರೀಟಿನ ಮೇಲೆ ಬರಿಗಾಲಿಟ್ಟು, ಮಗು ನಡೆಯುವಷ್ಟು ಮೆಲ್ಲಗೆ ದಾಟಿದ. ಗಾಜಿನಲ್ಲಿ ಅವನು ಚಿಕ್ಕವನಾಗಿ ಕಾಣುತ್ತಿದ್ದ. ಕಾದ ರಸ್ತೆಯಲ್ಲಿ, ಆರುತ್ತಿದ್ದ ಎರಡು ಗೆರೆಗಳ ನಡುವೆ, ಚಪ್ಪಲಿಯನ್ನು ಹಾಕಿಕೊಳ್ಳುವುದನ್ನೂ ಮರೆತು ಬೇಗ ಬೇಗ ನಡೆದು ಬರುತ್ತಿದ್ದ.